ಅಷ್ಟು ದೂರ ಹೋಗಿ ಇದೊಂದು ಮಾಸ್ಕಾ?

ಕಳೆದ ವಾರ ವಿಡಿಯೋ ಕಾಲ್‌ನಲ್ಲಿ ಅಮ್ಮ ಮೊಮ್ಮಗನನ್ನು ನೋಡುತ್ತಿದ್ದರು. ಅವನು ಮೇಜಿನ ಮೇಲೆ ಎರಡೂ ಮೊಣಕೈ ಊರಿ, ಎದೆಯ ಕಫ ತೆಗೆಯಲು ಮೂಗು ಬಾಯಿ ಮುಚ್ಚುವ ಮಾಸ್ಕ್ ಒತ್ತಿ ಹಿಡಿದು ಉಸಿರು ಬಿಡುತ್ತಿದ್ದ. ಸ್ವಲ್ಪ ಹೊತ್ತು ಸುಮ್ನೆ ನೋಡಿದ ಅಮ್ಮ, "ಬೆನ್ನು ತಟ್ಟೋದು ಬಿಟ್ಟೇಬಿಟ್ರೇನೋ? ಅಷ್ಟು ದೂರ ಹೋಗಿ ಇದೊಂದು ಮಾಸ್ಕಾ?" ಅಂದರು.

ಮಾತು ಚುಚ್ಚಿತು. ಯಾಕೆಂದರೆ ಎರಡು ವರ್ಷದ ಹಿಂದೆ ಊರು ಬಿಟ್ಟು ಈ ಹೊರದೇಶಕ್ಕೆ ಬಂದ ಹೊಸದರಲ್ಲಿ ನಾನೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದೆ.

ಮಗನಿಗೆ ಈಗ 11 ವರ್ಷ. ಸಿಸ್ಟಿಕ್ ಫೈಬ್ರೋಸಿಸ್ (ಸಿಎಫ್) ಅಂತ ಗೊತ್ತಾದಾಗ ಏಳು ತಿಂಗಳ ಕೂಸು. ಮುತ್ತು ಕೊಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು, ಬೆವರಿನ ಪರೀಕ್ಷೆ ಮಾಡಿಸಿದಾಗ ಅದಕ್ಕೆ ಹೆಸರು ಸಿಕ್ಕಿತು. ಸಿಎಫ್‌ಟಿಆರ್ ಅನ್ನುವ ಜೀನ್‌ನ ಕೆಟ್ಟ ಪ್ರತಿ ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದರೆ ಈ ಕಾಯಿಲೆ ಬರುತ್ತದೆ. ಉಪ್ಪು, ನೀರು ಜೀವಕೋಶದಿಂದ ಸರಿಯಾಗಿ ಆಚೀಚೆ ಹೋಗುವುದಿಲ್ಲ. ಶ್ವಾಸಕೋಶದ ಕಫ ಗೋಂದಿನ ಹಾಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಕೂತ ಕಫದಲ್ಲಿ ಸೋಂಕು, ಸೋಂಕಿನಿಂದ ಊತ, ಊತದಿಂದ ಮತ್ತೆ ಕಫ. ಅದಕ್ಕೇ ಮೈ ಚೆನ್ನಾಗಿರುವ ದಿನವೂ ಕಫ ತೆಗೆಯಬೇಕು, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಬಿಡುವಿಲ್ಲ, ಹಬ್ಬವಿಲ್ಲ.

ಊರಿನಲ್ಲಿ ನಮಗೆ ಕಲಿಸಿದ್ದು ಒಂದೇ ದಾರಿ. ಮಗುವನ್ನು ಓರೆಯಾಗಿ ಮಲಗಿಸಿ, ಅಂಗೈಯನ್ನು ಬಟ್ಟಲಿನ ಹಾಗೆ ಮಾಡಿಕೊಂಡು ಬೆನ್ನು, ಪಕ್ಕೆ, ಎದೆ ತಟ್ಟುವುದು. ಕೈ ಸರಿಯಾಗಿದ್ದರೆ ಪೊಳ್ಳು ಸದ್ದು ಬರುತ್ತದೆ, ಚಪ್ಪಟೆಯಾದರೆ ಏಟಿನ ಸದ್ದು. ಬೆನ್ನುಮೂಳೆ ಮೇಲೆ ತಟ್ಟಬಾರದು. ಹೊಟ್ಟೆ ಮೇಲೆ ಬೇಡ. ಊಟವಾದ ತಕ್ಷಣವಂತೂ ಬೇಡವೇ ಬೇಡ. ಒಂದೊಂದು ಭಂಗಿಗೆ ಮೂರರಿಂದ ಐದು ನಿಮಿಷ, ಎಲ್ಲ ಮುಗಿಯುವಷ್ಟರಲ್ಲಿ ಅರ್ಧ ಗಂಟೆ. ಎಂಟು ವರ್ಷ ನನ್ನ ಬೆಳಗು ಶುರುವಾಗಿದ್ದು ಆ ಸದ್ದಿನಿಂದಲೇ. ಕಫ ಇರುವ ಕಡೆ ಒಳಗಿನ ಗರಗರ ಅಂಗೈಗೇ ಗೊತ್ತಾಗುತ್ತಿತ್ತು. ನನಗೆ ಸ್ಟೆತೊಸ್ಕೋಪ್ ಬೇಕಾಗಿರಲಿಲ್ಲ.

ಹೊರದೇಶ ಅಂದಮೇಲೆ ವೆಸ್ಟ್ ಕೊಡುತ್ತಾರೆ ಅಂತ ನಮ್ಮ ಲೆಕ್ಕ. ಗಾಳಿ ತುಂಬುವ ಜಾಕೆಟ್ ಅದು. ಪಂಪಿನಿಂದ ಎರಡು ಕೊಳವೆ ಬಂದು ಸೇರಿರುತ್ತವೆ, ಸೆಕೆಂಡಿಗೆ 5ರಿಂದ 20 ಸಲ ಎದೆಯನ್ನು ಅದುರಿಸುತ್ತದೆ. ಊರಿನಲ್ಲಿ ಅದರ ವಿಡಿಯೋ ನೋಡಿ ನೋಡಿ, ಅದೊಂದಿದ್ದರೆ ನಮ್ಮ ಕಷ್ಟವೆಲ್ಲ ಮುಗಿಯಿತು ಅಂದುಕೊಂಡಿದ್ದೆವು. ನೆಂಟರಿಗೂ ಹಾಗೇ ಹೇಳಿ ಹೊರಟಿದ್ದೆವು.

ಇಲ್ಲಿನ ಆಸ್ಪತ್ರೆಯಲ್ಲಿ ಮೊದಲ ದಿನ ಫಿಸಿಯೋ, ಅಂದರೆ ಕಫ ತೆಗೆಯುವುದನ್ನು ಕಲಿಸುವ ಫಿಸಿಯೋಥೆರಪಿಸ್ಟ್, ನನ್ನ ಕಡೆ ನೋಡಲೇ ಇಲ್ಲ. ಮಗನ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ನಿನ್ನ ಕಫ ಈಗ ಎಲ್ಲಿದೆ?" ಅಂತ ಅವನನ್ನೇ ಕೇಳಿದರು. ಒಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವನು ತಿರುಗಿ ನನ್ನ ಮುಖ ನೋಡಿದ.

ಆಮೇಲೆ ಡ್ರಾಯರ್‌ನಿಂದ ಒಂದು ಮಾಸ್ಕ್ ತೆಗೆದರು. ಅದಕ್ಕೊಂದು ವಾಲ್ವ್, ಒತ್ತಡ ತೋರಿಸುವ ಒಂದು ಮುಳ್ಳು. ಅಷ್ಟೇ. ಹೆಸರು ಪೆಪ್. ನಾನು "ವೆಸ್ಟ್ ಇಲ್ವಾ?" ಅಂತ ಕೇಳಿಯೇಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳದೆ, ಕೆನಡಾದಲ್ಲಿ ಈ ಎರಡನ್ನೂ ಒಂದು ವರ್ಷ ಹೋಲಿಸಿ 2013ರಲ್ಲಿ ಫಲಿತಾಂಶ ಹೊರತಂದಿದ್ದಾರೆ, ಮಾಸ್ಕ್ ಬಳಸಿದವರಲ್ಲಿ ಎದೆಯ ಸೋಂಕು ಉಲ್ಬಣಿಸಿದ್ದು ವೆಸ್ಟ್ ಹಾಕಿಕೊಂಡವರಿಗಿಂತ ಕಡಿಮೆ ಅಂತ ಹೇಳಿದರು. ನಾನು ಆವತ್ತು ನಂಬಲಿಲ್ಲ. ಅಷ್ಟು ದೊಡ್ಡ ಯಂತ್ರಕ್ಕಿಂತ ಈ ಪ್ಲಾಸ್ಟಿಕ್ಕು ಹೆಚ್ಚಾ ಅನಿಸಿತ್ತು.

ಪೆಪ್ ಕೆಲಸ ಮಾಡುವ ರೀತಿ ಗೊತ್ತಾದ ಮೇಲೆ ನಂಬಿಕೆ ಬಂತು. ಉಸಿರು ಬಿಡುವಾಗ ಮಾಸ್ಕ್ ಸ್ವಲ್ಪ ತಡೆ ಒಡ್ಡುತ್ತದೆ. ಮುಳ್ಳು 10ರಿಂದ 20ರ ನಡುವೆ ನಿಲ್ಲಬೇಕು. ಆ ಒತ್ತಡಕ್ಕೆ ಸಣ್ಣ ಸಣ್ಣ ಶ್ವಾಸನಾಳಗಳು ಮುಚ್ಚಿಕೊಳ್ಳದೆ ತೆರೆದೇ ಇರುತ್ತವೆ. ಪಕ್ಕದ ದಾರಿಗಳಿಂದ ಗಾಳಿ ನುಗ್ಗಿ ಕಫದ ಹಿಂದೆ ಸೇರಿಕೊಳ್ಳುತ್ತದೆ. ಕಫವನ್ನು ಹೊರಗಿನಿಂದ ಅಲುಗಾಡಿಸುವುದು ಬೇರೆ, ಅದರ ಬೆನ್ನ ಹಿಂದೆ ಗಾಳಿ ಕಳಿಸಿ ಮುಂದಕ್ಕೆ ತಳ್ಳುವುದು ಬೇರೆ. ಹನ್ನೆರಡು ಹದಿನೈದು ಉಸಿರು ಹಾಗೆ ಬಿಟ್ಟು, ಮಾಸ್ಕ್ ತೆಗೆದು, ಹಫ್ ಅನ್ನುವ ರೀತಿಯಲ್ಲಿ ಎರಡು ಮೂರು ಸಲ ಉಸಿರು ಹೊರಹಾಕಿ, ಆಮೇಲೆ ಕೆಮ್ಮು. ಹೀಗೆ ಆರು ಸುತ್ತು.

ಈ ಹಫ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ನನ್ನ ಕಣ್ಣು ತೆರೆಸಿದ್ದು ಅದೇ. ಫಿಸಿಯೋ ಮಗನ ಬಾಯಿ ಮುಂದೆ ಒಂದು ಪುಟ್ಟ ಕನ್ನಡಿ ಹಿಡಿದು, ಮಂಜು ಕೂರಿಸು ಅಂದರು. ಅವನು ಊದಿದ. ಮಂಜು ಕೂರಲಿಲ್ಲ. ಊದುವುದಲ್ಲ, ಗಂಟಲು ತೆರೆದು "ಹಾ" ಅನ್ನಬೇಕು ಅಂತ ತೋರಿಸಿದರು. ನಾಲ್ಕನೇ ಸಲಕ್ಕೆ ಕನ್ನಡಿ ಪೂರ್ತಿ ಮಂಜಾಯಿತು, ಹುಡುಗ ನಕ್ಕ. ಕಫ ತೆಗೆಯುವ ಹೊತ್ತಿನಲ್ಲಿ ಅವನು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿಯವರೆಗೂ ನಾವು ಅವನಿಗೆ "ಜೋರಾಗಿ ಕೆಮ್ಮು, ಇನ್ನೂ ಜೋರಾಗಿ" ಅನ್ನುತ್ತಿದ್ದೆವು. ಕಣ್ಣಲ್ಲಿ ನೀರು ಬರುವಂತೆ ಒಂದೇ ಸಮನೆ ಕೆಮ್ಮಿದರೆ ಮೆತ್ತಗಿರುವ ಶ್ವಾಸನಾಳ ಹಿಚುಕಿ ಮುಚ್ಚಿಕೊಂಡು ಕಫ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮಗು ಸುಸ್ತಾಗುತ್ತದೆ ಅಷ್ಟೇ. ಅರ್ಧ ಉಸಿರು ಎಳೆದು ಉದ್ದಕ್ಕೆ ಹಫ್ ಮಾಡಿದರೆ ಆಳದ್ದು ಮೇಲೆ ಬರುತ್ತದೆ. ತುಂಬ ಉಸಿರೆಳೆದು ಚಿಕ್ಕದಾಗಿ ಮಾಡಿದರೆ ಮೇಲಿರುವುದು ಹೊರಗೆ ಬರುತ್ತದೆ. ಇಷ್ಟನ್ನು ಒಂಬತ್ತು ವರ್ಷದ ಹುಡುಗ ಒಂದು ಮಧ್ಯಾಹ್ನದಲ್ಲಿ ಕಲಿತ.

ಇದನ್ನು ನಮಗೆ ಊರಿನಲ್ಲಿ ಯಾಕೆ ಹೇಳಿಕೊಡಲಿಲ್ಲ? ಈ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹಫ್‌ಗೆ ಯಂತ್ರ ಬೇಕಿಲ್ಲ, ಕರೆಂಟು ಬೇಕಿಲ್ಲ. ಲಂಡನ್ನಿನ ಬ್ರಾಂಪ್ಟನ್ ಆಸ್ಪತ್ರೆಯವರು 1970ರ ದಶಕದ ಕೊನೆಯಲ್ಲೇ ಇದನ್ನು ಬರೆದಿಟ್ಟಿದ್ದಾರೆ. ನಿಧಾನ ಉಸಿರು, ಆಮೇಲೆ ಎದೆ ಅರಳಿಸುವ ಮೂರ್ನಾಲ್ಕು ಆಳದ ಉಸಿರು, ಆಮೇಲೆ ಹಫ್ ಅನ್ನುವ ಸುತ್ತು ಅಲ್ಲಿಂದಲೇ ಹಬ್ಬಿದ್ದು. ಅದಕ್ಕೂ ಮೊದಲು ಬೆಲ್ಜಿಯಂನಲ್ಲಿ ಜಾನ್ ಶೆವಾಯೆ ಅನ್ನುವವರು, ಅಸ್ತಮಾ ಇರುವ ಮಕ್ಕಳಿಗೆ ಮಲಗಿಸಿ ತಟ್ಟುವಾಗ ಬಾರದ ಕಫ ನಗುವಾಗ, ಆಡುವಾಗ, ನಿದ್ದೆಯಲ್ಲಿ ಮೇಲೆ ಬರುತ್ತದೆ ಅಂತ ಗಮನಿಸಿದರು. ಅದನ್ನೇ ಹಿಡಿದು, ಬರೀ ಉಸಿರಿನಿಂದ ಕಫವನ್ನು ಬಿಡಿಸಿ, ಕೂಡಿಸಿ, ಹೊರಹಾಕುವ ಆಟೋಜೆನಿಕ್ ಡ್ರೈನೇಜ್ ಕಟ್ಟಿದರು.

ನಮಗೆ ಹೇಳಿಕೊಟ್ಟಿದ್ದು ಮಾತ್ರ ಹಳೆಯ ಹಾಳೆ. ಅದರಲ್ಲಿ ತಲೆ ಕೆಳಗೆ, ಕಾಲು ಮೇಲೆ ಮಲಗಿಸುವ ಭಂಗಿಗಳೂ ಇದ್ದವು. ಕೂಸಿಗೆ ನಾವು ಹಾಗೇ ಮಾಡಿದೆವು. ವಾಂತಿ ಮಾಡಿಕೊಳ್ಳುತ್ತಿದ್ದ, ಕಫ ಬಂತು ಅಂತ ನಾವು ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ತಲೆ ಕೆಳಗಾದರೆ ಶಿಶುಗಳಿಗೆ ಹೊಟ್ಟೆಯಲ್ಲಿರುವುದು ಗಂಟಲಿಗೆ ಮರಳುವುದು ಜಾಸ್ತಿ ಅಂತ ಆಸ್ಟ್ರೇಲಿಯಾದ ಫಿಸಿಯೋಗಳು ಆಗಲೇ ತೋರಿಸಿದ್ದರು. ನಮಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಆ ರಾತ್ರಿ ನನ್ನ ಹೆಂಡತಿ ತುಂಬ ಹೊತ್ತು ಮಾತಾಡಲಿಲ್ಲ.

ನನ್ನ ಸಿಟ್ಟು ತಟ್ಟುವ ಕೈ ಮೇಲಲ್ಲ. ಊರಿನಲ್ಲಿ ಚಿಕಿತ್ಸೆ ಅಂದರೆ ಮಗುವಿಗೆ ದೊಡ್ಡವರು ಮಾಡುವ ಕೆಲಸ. ಮಗು ಸುಮ್ನೆ ಮಲಗಿರಬೇಕು. ಎಂಟನೇ ವರ್ಷಕ್ಕೆ ನನ್ನ ಮಗ ಗೋಡೆ ನೋಡುತ್ತ ಮಲಗುವುದನ್ನು ಅಭ್ಯಾಸ ಮಾಡಿಕೊಂಡಿದ್ದ, ತನ್ನ ಎದೆ ತನ್ನದಲ್ಲ ಅನ್ನುವ ಹಾಗೆ. ನಾನು ಕೆಲಸಕ್ಕೆಂದು ಎರಡು ದಿನ ಹೊರಗೆ ಹೋದರೆ ತಟ್ಟುವುದು ತಪ್ಪುತ್ತಿತ್ತು, ಅವನ ಅಮ್ಮನ ಮಣಿಕಟ್ಟು ನೋವು ಜಾಸ್ತಿಯಾದರೂ ತಪ್ಪುತ್ತಿತ್ತು. ನಾಳೆ ಅವನು ಕಾಲೇಜಿಗೆ ಅಂತ ಬೇರೆ ಊರಿಗೆ ಹೋದರೆ? ನಾನು ಹೋಗಿ ತಟ್ಟಲಾ? ಈಗ ಅವನೇ ಬೆಳಗ್ಗೆ ಎದ್ದು ನೆಬ್ಯುಲೈಸರ್‌ಗೆ ಸಲೈನ್ ಹಾಕಿಕೊಳ್ಳುತ್ತಾನೆ, ಶೇಕಡಾ 7ರ ಉಪ್ಪುನೀರು ಅದು, ಕಫ ತೆಳುವಾಗಲಿಕ್ಕೆ. ಆಮೇಲೆ ಮಾಸ್ಕ್. ಕೊನೆಗೆ ತೊಳೆದು, ಸ್ಟೀಮ್ ಮಾಡಿ ಒಣಗಿಸುವುದೂ ಅವನೇ. ನಾನು ಶೆಲ್ಫ್‌ನ ಮೇಲಿನ ಡಬ್ಬಿ ಇಳಿಸಿಕೊಡುತ್ತೇನೆ, ಅಷ್ಟೇ ನನ್ನ ಕೆಲಸ.

ಇನ್ನು ವೆಸ್ಟ್ ವಿಚಾರ. ಅದನ್ನು ನಾನು ಸ್ವಲ್ಪ ಜಾಸ್ತಿಯೇ ತಳ್ಳಿಹಾಕಿದೆನೇನೋ. ಸಿಎಫ್ ಇರುವ ಇಬ್ಬರು ಹತ್ತಿರ ಬರಬಾರದು, ಒಬ್ಬರ ಸೋಂಕು ಇನ್ನೊಬ್ಬರಿಗೆ ಅಂಟಿದರೆ ಕಷ್ಟ. ಹಾಗಾಗಿ ಮಗನಿಗೆ ತನ್ನಂಥವರೇ ಆದ ಗೆಳೆಯರು ಇರುವುದು ಪರದೆಯಲ್ಲಿ ಮಾತ್ರ. ಅವರಲ್ಲಿ ಒಬ್ಬ ಹುಡುಗಿ ವೆಸ್ಟ್ ಹಾಕಿಕೊಂಡೇ ಪಾಠ ಓದುತ್ತಾಳೆ. ಅವಳಿಗೆ ಉಸಿರಿನ ಕಡೆ ಇಪ್ಪತ್ತು ನಿಮಿಷ ಗಮನ ಇಡುವುದು ಆಗುವುದೇ ಇಲ್ಲ, ಮಾಸ್ಕ್ ಕೊಟ್ಟಾಗ ವಾರದಲ್ಲಿ ನಾಲ್ಕು ದಿನ ತಪ್ಪಿಸುತ್ತಿದ್ದಳು, ವೆಸ್ಟ್ ಬಂದ ಮೇಲೆ ತಪ್ಪಿಸಿಲ್ಲ ಅಂತಾರೆ ಅವಳಮ್ಮ. ನಡುನಡುವೆ ನಿಲ್ಲಿಸಿ ಹಫ್ ಮಾಡುವುದು ಅವಳಿಗೂ ತಪ್ಪಿದ್ದಲ್ಲ. ಇನ್ನೊಬ್ಬ ಹುಡುಗನ ಹತ್ತಿರ ಫ್ಲಟರ್ ಇದೆ, ಊದಿದರೆ ಒಳಗಿನ ಉಕ್ಕಿನ ಗುಂಡು ಕುಣಿದು ಎದೆಯೆಲ್ಲ ನಡುಗುತ್ತದೆ. ಹೋಲಿಕೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರಿಗೂ ಇದೊಂದೇ ಎಲ್ಲರಿಗೂ ಮೇಲು ಅಂತ ಹೇಳಲು ಆಗಿಲ್ಲ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ಸೇರಿಕೊಂಡವರಿಗೆ ಪೆಪ್ ಹಾಕುವುದೂ ಇಲ್ಲ. ಯಾವುದನ್ನು ಬದಲಿಸಬೇಕಾದರೂ ಫಿಸಿಯೋನ ಕೇಳಿಯೇ ಬದಲಿಸಬೇಕು.

ಅಮ್ಮ ಹೇಳಿದ್ದರಲ್ಲೂ ಸುಳ್ಳಿಲ್ಲ. ಏಳು ತಿಂಗಳ ಕೂಸಿಗೆ ಹಫ್ ಮಾಡು ಅಂತ ಹೇಳಲು ಆಗುತ್ತಾ? ಆಗ ಅವನನ್ನು ಕಾಪಾಡಿದ್ದು ನಮ್ಮ ಕೈಗಳೇ, ಅದರಲ್ಲೂ ಅಮ್ಮನ ಕೈ. ನನ್ನದಕ್ಕಿಂತ ಅವರ ಪೆಟ್ಟಿನಲ್ಲಿ ಲಯ ಇತ್ತು, ತಟ್ಟುತ್ತ ತಟ್ಟುತ್ತಲೇ ಕೂಸು ಮಲಗಿಬಿಡುತ್ತಿತ್ತು. ಇಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ, ಆದರೆ ಆ ಸದ್ದು ಇಲ್ಲದ ಮನೆ ನನಗೆ ಕೆಲವು ಬೆಳಗ್ಗೆ ಖಾಲಿ ಅನಿಸುತ್ತದೆ.

ಮೊನ್ನೆ ಅವನಿಗೆ ನೆಗಡಿ. ರಾತ್ರಿ ಎರಡನೇ ಸುತ್ತು ಮುಗಿಸಿ ಮಾಸ್ಕ್ ಪಕ್ಕಕ್ಕಿಟ್ಟು, "ಅಪ್ಪಾ, ಇಲ್ಲಿ ಕೈ ಇಡು" ಅಂದ. ಬಲಗಡೆ, ಕಾಲರ್ ಮೂಳೆಯ ಕೆಳಗೆ. ಇಟ್ಟೆ. ಏನೂ ಗೊತ್ತಾಗಲಿಲ್ಲ. "ಇಲ್ಲ ಕಣೋ" ಅಂದೆ. "ಇದೆ, ಇನ್ನೂ ಕೆಳಗಿದೆ, ತಾಳು" ಅಂತ ಅರ್ಧ ಉಸಿರೆಳೆದು ಉದ್ದಕ್ಕೊಂದು ಹಫ್ ಮಾಡಿದ. ಮತ್ತೊಂದು. ಮೂರನೆಯದಕ್ಕೆ ಅಂಗೈ ಕೆಳಗೆ ಗರಗರ ಬಂತು, ಎರಡು ವರ್ಷದಿಂದ ನನ್ನ ಕೈಗೆ ಸಿಗದಿದ್ದ ಅದೇ ಗರಗರ. ಅವನು ಬೆರಳೆತ್ತಿ ಟಿಶ್ಯೂ ಕೇಳಿದ.