ಸತ್ಯಾಂಶ: ಇಲಿಪಾಷಾಣ ಸುರಿದು ಹಕ್ಕಿಗಳನ್ನೇ ಕೊಂದರಾ?

"ಹೆಲಿಕಾಪ್ಟರಿನಿಂದ ವಿಷ ಸುರಿದು ಒಂದಿಡೀ ದ್ವೀಪದ ಹಕ್ಕಿಗಳನ್ನು ಕೊಂದರು" ಎಂಬ ಸಂದೇಶ ಓಡಾಡುತ್ತಿದೆ. ವಿಷ ಸುರಿದದ್ದು ನಿಜ. ಉಳಿದದ್ದು ತಲೆಕೆಳಗು: ಸುರಿದದ್ದು ಇಲಿಗಳನ್ನು ಕೊಂದು ಹಕ್ಕಿಗಳನ್ನು ಉಳಿಸಲು.

ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪಕ್ಕೆ ಇಲಿಗಳು ಬಂದದ್ದು ಸೀಲ್, ತಿಮಿಂಗಿಲ ಬೇಟೆಗಾರರ ಹಡಗುಗಳಲ್ಲಿ. ಅಲ್ಲಿ ಮರಗಳೇ ಇಲ್ಲ. ಹಕ್ಕಿಗಳು ನೆಲದ ಮೇಲೆ, ಹುಲ್ಲಿನ ನಡುವೆ, ಬಿಲಗಳಲ್ಲಿ ಗೂಡು ಮಾಡುತ್ತವೆ. ಇಲಿಗೆ ಮೊಟ್ಟೆ, ಮರಿ ಎರಡೂ ಸುಲಭದ ತುತ್ತು. ಬೇರೆಲ್ಲೂ ಇಲ್ಲದ ಸೌತ್ ಜಾರ್ಜಿಯಾ ಪಿಪಿಟ್ ಎಂಬ ಪುಟ್ಟ ಹಾಡುಹಕ್ಕಿ ಇಲಿ ಮುಟ್ಟದ ಕಡೆ ಮಾತ್ರ ಉಳಿದಿತ್ತು.

2011, 2013 ಮತ್ತು 2015ರಲ್ಲಿ ಸುಮಾರು 300 ಟನ್ ವಿಷದ ಗುಳಿಗೆ ಹಾಕಿದರು. ಹಿಮನದಿಗಳೇ ಬೇಲಿಯಂತೆ ಇದ್ದದ್ದರಿಂದ ದ್ವೀಪವನ್ನು ಭಾಗ ಮಾಡಿಕೊಂಡು ಕೆಲಸ ಮಾಡಲಾಯಿತು. ಒಂದು ಕಡೆಯ ಇಲಿ ಇನ್ನೊಂದು ಕಡೆಗೆ ದಾಟುವಂತಿರಲಿಲ್ಲ. ಆದರೆ ಆ ಹಿಮ ಕರಗುತ್ತಿತ್ತು, ಅದಕ್ಕೇ ಅವಸರ.

ಹಕ್ಕಿಗಳು ಸಾಯಲೇ ಇಲ್ವಾ? ಸತ್ತವು. ಗುಳಿಗೆ ತಿಂದ ಕೆಲವು ಬಾತುಗಳು, ಸತ್ತ ಇಲಿ ತಿಂದ ಸ್ಕುವಾ ಎಂಬ ಕಡಲಹಕ್ಕಿಗಳು. ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಆ ಹಕ್ಕಿಗಳ ಸಂಖ್ಯೆ ಮತ್ತೆ ಏರಿತು. ಇಲಿ ಇದ್ದಿದ್ದರೆ ಪ್ರತಿವರ್ಷವೂ ಮೊಟ್ಟೆಗಳೇ ಖಾಲಿ, ಅಲ್ವಾ?

ಆಮೇಲೆ ವಾಸನೆ ಹಿಡಿಯುವ ನಾಯಿಗಳು ದ್ವೀಪವನ್ನು ಜಾಲಾಡಿದವು. ಒಂದೂ ಇಲಿ ಸಿಗಲಿಲ್ಲ. 2018ರ ಮೇನಲ್ಲಿ ದ್ವೀಪ ಇಲಿಮುಕ್ತ ಎಂದು ಸಾರಿದರು. ಅಷ್ಟರಲ್ಲಾಗಲೇ ಪಿಪಿಟ್‌ಗಳು ಹಳೇ ಜಾಗಗಳಿಗೆ ಮರಳಿ ಗೂಡು ಕಟ್ಟುತ್ತಿದ್ದವು.