ಒಂದು ಹಡಗಿಗೆ ಅರ್ಧ ದಿನ

ಊರಿನಿಂದ ಸ್ಟಾಕ್‌ಹೋಮಿಗೆ ಬರುವವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಬೆಳಗ್ಗೆ ಹಳೇ ಪೇಟೆ ಗಾಮ್ಲಾ ಸ್ತಾನ್, ಅರಮನೆ, ನಗರಸಭೆಯ ಕಟ್ಟಡ. ಮಧ್ಯಾಹ್ನ ವಾಸಾ ಹಡಗಿನ ವಸ್ತುಸಂಗ್ರಹಾಲಯ, ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯ. ಸಂಜೆ ದೋಣಿಯಲ್ಲಿ ಒಂದು ಸುತ್ತು, ರಾತ್ರಿ ಹೆಲ್ಸಿಂಕಿಗೆ ಹೋಗುವ ಹಡಗು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನಕ್ಕೆ ಮುಗಿಸಿ ರಾತ್ರಿ ಊಟಕ್ಕೆ ಬೆಂಗಳೂರು ಸೇರುವ ಟೆಂಪೋ ಟ್ರಾವೆಲರ್ ಲೆಕ್ಕಾಚಾರವೇ ಇಲ್ಲಿಗೂ ಬಂದಿರುತ್ತದೆ. ಆ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಅಷ್ಟೇ ಅಲ್ಲ, ಊರಿನಲ್ಲೂ ಅದನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ.

ವಾಸಾ ಹಡಗನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಇದಕ್ಕೆ ಸಿಗುವುದು ಮುಕ್ಕಾಲು ಗಂಟೆ: ಒಳಗೆ ಹೋಗಿ, ಅಬ್ಬಾ ಎಷ್ಟು ದೊಡ್ಡದು ಎಂದು, ನಾಲ್ಕು ಫೋಟೋ ತೆಗೆದು ಹೊರಗೆ ಬರುವುದು. ಹಾಗೆ ನೋಡಿದವರಿಗೆ ಅದು 69 ಮೀಟರ್ ಉದ್ದದ ಒಂದು ಕಪ್ಪು ಮರದ ಹಡಗು. ಇದಕ್ಕೆ ಕಡಿಮೆಯೆಂದರೂ ಮೂರು ಗಂಟೆ ಬೇಕು. ಕಾರಣ, ಅಲ್ಲಿ ಇಟ್ಟಿರುವುದು ಹಡಗನ್ನು ಮಾತ್ರವಲ್ಲ, ಒಂದು ಸೋಲಿನ ಪೂರ್ತಿ ಲೆಕ್ಕವನ್ನು.

1628ರ ಆಗಸ್ಟ್ 10ರಂದು ಮೊದಲ ಬಾರಿಗೆ ಹಾಯಿ ಬಿಚ್ಚಿ ಹೊರಟ ಹಡಗು ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ, ಊರವರ ಕಣ್ಣೆದುರಿಗೇ ಮುಳುಗಿತು. ಬಿರುಗಾಳಿಯೇನೂ ಇರಲಿಲ್ಲ. 64 ಫಿರಂಗಿಗಳನ್ನು ಎರಡು ಅಂತಸ್ತಿನಲ್ಲಿ ಇಟ್ಟಿದ್ದರು, ನೀರಿನಿಂದ ಮೇಲಿನ ಭಾಗ ಬಹಳ ಭಾರವಾಗಿತ್ತು. ತಳವೋ ಕಿರಿದು, ತೂಕ ಸರಿದೂಗಿಸಲು ಬೇಕಾದಷ್ಟು ಕಲ್ಲು ತುಂಬಲು ಅಲ್ಲಿ ಜಾಗವಿರಲಿಲ್ಲ. ತುಂಬಿದ್ದರೂ ಕೆಳಗಿನ ಸಾಲಿನ ಫಿರಂಗಿ ಕಿಂಡಿಗಳು ನೀರಿನ ಮಟ್ಟಕ್ಕೆ ಇನ್ನೂ ಹತ್ತಿರ ಬರುತ್ತಿದ್ದವು. ಗಾಳಿಗೆ ಒಮ್ಮೆ ವಾಲಿ ಎದ್ದ ಹಡಗು ಎರಡನೇ ಸಲ ಹೆಚ್ಚಾಗಿ ವಾಲಿದಾಗ, ತೆರೆದೇ ಇದ್ದ ಆ ಕಿಂಡಿಗಳಿಂದ ನೀರು ನುಗ್ಗಿತು. ಹೊರಡುವ ಮೊದಲೇ 30 ಮಂದಿಯನ್ನು ಮೇಲ್ಗಟ್ಟಿನಲ್ಲಿ ಈ ಕಡೆಯಿಂದ ಆ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವ ಹಾಗಾಗಿ ಪರೀಕ್ಷೆಯನ್ನೇ ನಿಲ್ಲಿಸಿದರು. ರಾಜ ಎರಡನೇ ಗುಸ್ತಾವ್ ಅಡಾಲ್ಫನಿಗೆ ಹಡಗು ಬೇಗ ಬೇಕಿತ್ತು, ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಡಗು ಕಟ್ಟಲು ಹಿಡಿದಿದ್ದ ಹೆನ್ರಿಕ್ ಹೈಬರ್ಟ್ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ವಿಚಾರಣೆ ನಡೆಯಿತು, ಶಿಕ್ಷೆ ಯಾರಿಗೂ ಆಗಲಿಲ್ಲ.

ಒಳಗೆ ತಪ್ಪದೆ ನೋಡಬೇಕಾದ ಒಂದು ಸಣ್ಣ ವಿಷಯವಿದೆ. ಹಡಗಿನೊಳಗೆ ಬಡಗಿಗಳು ಬಳಸಿದ ನಾಲ್ಕು ಅಳತೆಕೋಲುಗಳು ಸಿಕ್ಕಿವೆ. ಎರಡರಲ್ಲಿ ಸ್ವೀಡನ್ನಿನ ಅಡಿ, ಅಂದರೆ 12 ಅಂಗುಲ. ಉಳಿದ ಎರಡರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅಡಿ, 11 ಅಂಗುಲ. ಅಂಗುಲದ ಉದ್ದವೂ ಒಂದೇ ಅಲ್ಲ. ಒಂದೇ ಹಡಗಿನ ಕೆಲಸ ಎರಡು ಅಳತೆಯಲ್ಲಿ ನಡೆಯಿತು, ಹಡಗಿನ ಎಡ ಬಲ ಮೈ ಒಂದೇ ಸಮ ಇಲ್ಲ. ಮನೆ ಕಟ್ಟಿಸಿದವರಿಗೆ, ಮೇಸ್ತ್ರಿಯ ಅಳತೆಗೂ ಬಡಗಿಯ ಅಳತೆಗೂ ತಾಳೆಯಾಗದೆ ಬಾಗಿಲ ಚೌಕಟ್ಟು ಕೂರದೆ ಹೋದದ್ದನ್ನು ಕಂಡವರಿಗೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

333 ವರ್ಷ ನೀರಿನಡಿ ಇದ್ದ ಮರ ಕೊಳೆಯದೆ ಹೇಗೆ ಉಳಿಯಿತು? ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಹಡಗಿನ ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಹಡಗು ಬಿದ್ದ ಜಾಗ ಪತ್ತೆ ಮಾಡಿದ. ಮುಳುಗುಗಾರರು ಹಡಗಿನಡಿಯ ಕೆಸರಿನಲ್ಲಿ ಆರು ಸುರಂಗ ತೋಡಿ ಉಕ್ಕಿನ ಹಗ್ಗ ಹಾಯಿಸಿದರು, 1961ರ ಏಪ್ರಿಲ್ 24ರಂದು ಅದು ನೀರಿನ ಮೇಲೆ ಬಂತು. ಆಮೇಲಿನ ಕೆಲಸ ಇನ್ನೂ ಕಷ್ಟದ್ದು. ನೆನೆದ ಮರವನ್ನು ಹಾಗೇ ಒಣಗಲು ಬಿಟ್ಟರೆ ಸಿಡಿದು ಸೊಟ್ಟಗಾಗುತ್ತದೆ. ಅದಕ್ಕಾಗಿ 1962ರಿಂದ 17 ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ನೀರಿನಲ್ಲಿ ಕರಗಿಸಿ ಸಿಂಪಡಿಸಿದರು. ಮರದೊಳಗಿನ ನೀರು ಹೊರಗೆ ಬರುತ್ತಾ ಅದರ ಜಾಗಕ್ಕೆ ಇದು ಸೇರಿತು.

ಅಲ್ಲಿಗೂ ಕಥೆ ಮುಗಿಯಲಿಲ್ಲ, ನನಗೆ ಬಹಳ ಹಿಡಿಸುವುದು ಈ ಭಾಗವೇ. 2000ನೇ ಇಸವಿಯ ಬೇಸಿಗೆಯಲ್ಲಿ ಮಳೆ ಜಾಸ್ತಿ. ಒದ್ದೆ ಕೋಟಿನಲ್ಲೇ ಒಳಗೆ ಬಂದ ಜನರಿಂದ ಸಭಾಂಗಣದ ತೇವಾಂಶ ಏರಿತು, ಮರದ ಮೇಲೆ ಬಿಳಿ, ಹಳದಿ ಉಪ್ಪಿನ ಕಲೆಗಳು ಹುಟ್ಟಿದವು. ಊರಿನ ಕೊಳಚೆ ಬೆರೆತ ನೀರಿನಲ್ಲಿದ್ದಾಗ ಮರ ಗಂಧಕವನ್ನು ಹೀರಿಕೊಂಡಿತ್ತು. ತುಕ್ಕು ಹಿಡಿದ ಕಬ್ಬಿಣದ ಜೊತೆ ಸೇರಿ ಅದು ಗಂಧಕಾಮ್ಲವಾಗುತ್ತಿತ್ತು. ಇದನ್ನು ಮುಚ್ಚಿಡಲಿಲ್ಲ. ಗಾಳಿಯ ವ್ಯವಸ್ಥೆಯನ್ನೇ ಬದಲಾಯಿಸಿದರು, ಕಬ್ಬಿಣದ 5000ಕ್ಕೂ ಹೆಚ್ಚು ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಿದರು. ಹಡಗು ಇಂದಿಗೂ ತನ್ನ ಭಾರಕ್ಕೆ ನಿಧಾನವಾಗಿ ಕುಸಿಯುತ್ತಿದೆ ಎಂಬುದನ್ನೂ ಟಿಕೆಟ್ ಕೊಂಡು ಬಂದವರಿಗೆ ಅಲ್ಲೇ ವಿವರಿಸುತ್ತಾರೆ.

ಬೇಲೂರಿನಲ್ಲಿ ಹೀಗೆ ಹೇಳುವವರು ಯಾರು? ಚೆನ್ನಕೇಶವ ದೇವಾಲಯದ ಗರ್ಭಗುಡಿಯ ಮೇಲೆ ಶಿಖರವಿಲ್ಲ. ಮೊದಲಿಂದಲೂ ಹಾಗೇ ಇತ್ತೆಂದು ನೋಡುವವರು ಅಂದುಕೊಳ್ಳುತ್ತಾರೆ. ಅಲ್ಲೊಂದು ಶಿಖರವಿತ್ತು. ಅದರ ಭಾರಕ್ಕೆ ಕೆಳಗಿನ ಗುಡಿಗೆ ಅಪಾಯವಾಗುತ್ತದೆಂದು 19ನೆಯ ಶತಮಾನದಲ್ಲಿ ಇಳಿಸಿದರು. ವಾಸಾ ಹಡಗಿನ ಬೋಲ್ಟುಗಳಷ್ಟೇ ಕುತೂಹಲದ ಸಂಗತಿ ಇದು: ಏನನ್ನು ಉಳಿಸಲು ಏನನ್ನು ಬಿಟ್ಟುಕೊಟ್ಟರು, ಯಾರು ತೀರ್ಮಾನಿಸಿದರು. ಆದರೆ ಗುಂಪುಗುಂಪಾಗಿ ಬರುವವರಿಗೆ ಸಿಗುವುದು ಜಕಣಾಚಾರಿಯ ಕಥೆ ಮತ್ತು ಕಲ್ಲಿನ ಹೊಟ್ಟೆಯೊಳಗಿನ ಕಪ್ಪೆ. ಕಥೆ ಚೆಂದವಿದೆ, ಇರಲಿ. ಆದರೆ ಅದೇ ಗುಡಿಯಲ್ಲಿ ಕಲ್ಲಿನ ಮೇಲೆಯೇ ಕೊರೆದ ಹೆಸರುಗಳಿವೆ: ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 12ನೆಯ ಶತಮಾನದ ಶಿಲ್ಪಿಯೊಬ್ಬ ತನ್ನ ಕೆಲಸದ ಕೆಳಗೆ ಸಹಿ ಹಾಕಿ ಊರಿನ ಹೆಸರನ್ನೂ ಬರೆದಿಟ್ಟಿರುವಾಗ, ಅದನ್ನು ತೋರಿಸದೆ ಮುಂದೆ ಕರೆದೊಯ್ಯುವುದು ನನಗೆ ನೋವಿನ ವಿಷಯ. ಸೋಮನಾಥಪುರದ ಮಲ್ಲಿತಮ್ಮನ ಹೆಸರೂ ಹೀಗೇ ಗೋಡೆಯ ಮೇಲೆ ಓದುವವರಿಗಾಗಿ ಕಾದಿದೆ.

ಹಾಗೆಂದು ಇವರದ್ದೆಲ್ಲ ಮೇಲು, ನಮ್ಮದೆಲ್ಲ ಕೀಳು ಎಂದು ಹೇಳಲಾರೆ. ವಾಸಾ ಹಡಗನ್ನು ಮುಟ್ಟುವಂತಿಲ್ಲ, ಹತ್ತುವಂತಿಲ್ಲ. ಅದು ಮಂದ ಬೆಳಕಿನಲ್ಲಿ, 18ರಿಂದ 20 ಡಿಗ್ರಿ ತಂಪಿನಲ್ಲಿ ಮಲಗಿರುವ ವಸ್ತು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನಿಗೆ ಇವತ್ತಿಗೂ ಮಂಗಳಾರತಿ ಆಗುತ್ತದೆ. ಕಟ್ಟಡ ಯಾತಕ್ಕಾಗಿ ಹುಟ್ಟಿತೋ ಅದೇ ಕೆಲಸದಲ್ಲಿ ಇದೆ. ಈ ಭಾಗದಲ್ಲಿ ಜನ ಇನ್ನೂ ಬಳಸುತ್ತಿರುವ ಅಂಥ ಜಾಗ ಬೇಕೆಂದರೆ ಫಿನ್‌ಲ್ಯಾಂಡಿನ ಹೆಲ್ಸಿಂಕಿಯ ಸುವೊಮೆನ್ಲಿನ್ನಾ ಕೋಟೆಗೆ ಹೋಗಬೇಕು. 1748ರಲ್ಲಿ ಕಟ್ಟಲು ಶುರುಮಾಡಿದ ಈ ದ್ವೀಪದ ಕೋಟೆಯೊಳಗೆ ಈಗಲೂ ಸುಮಾರು 800 ಜನ ಸಂಸಾರ ಹೂಡಿದ್ದಾರೆ. ಪ್ರವೇಶಕ್ಕೆ ಟಿಕೆಟ್ ಇಲ್ಲ, ಪೇಟೆ ಚೌಕದಿಂದ ಕಾಲು ಗಂಟೆಯ ದೋಣಿಗೆ ಊರಿನ ಬಸ್ಸು, ಟ್ರಾಮಿನ ಟಿಕೆಟ್ಟೇ ನಡೆಯುತ್ತದೆ. ಅಲ್ಲಿ ಯಾರದೋ ಮನೆಯಂಗಳಕ್ಕೆ ನುಗ್ಗಿ ಫೋಟೋ ತೆಗೆಯಬೇಡಿ, ಅಷ್ಟೇ.

ಸ್ಕಾನ್ಸೆನ್ ವಿಷಯ ಬೇರೆ. 1891ರಲ್ಲಿ ಆರ್ಟುರ್ ಹಾಸೇಲಿಯುಸ್ ಶುರುಮಾಡಿದ ಬಯಲು ವಸ್ತುಸಂಗ್ರಹಾಲಯ ಇದು. ಸ್ವೀಡನ್ನಿನ ಮೂಲೆಮೂಲೆಯಿಂದ ಹಳೆಯ ಮನೆ, ಕೊಟ್ಟಿಗೆ, ಕಣಜ, ಚರ್ಚುಗಳನ್ನು ಬಿಚ್ಚಿ ತಂದು ಗುಡ್ಡದ ಮೇಲೆ ಮತ್ತೆ ಕಟ್ಟಿದ್ದಾರೆ. ನಮ್ಮವರಿಗೆ ಇದು ಹೊಸದೆನಿಸಬೇಕಾಗಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹರ್ಕೂರಿನ ‘ಒಳಗಿನ ಮನೆ’ಯಂಥ ಮನೆಗಳನ್ನು ಕಂಬಕಂಬವಾಗಿ ಬಿಚ್ಚಿ ತಂದು ಹೆರಿಟೇಜ್ ವಿಲೇಜ್ ಕಟ್ಟಿದರಲ್ಲ, ಅದೇ ಜಾತಿಯ ಕೆಲಸ. ಸ್ಕಾನ್ಸೆನ್ನಿಗೆ ವಿಮಾನ ಹತ್ತಿ ಬಂದವರಲ್ಲಿ ಎಷ್ಟು ಮಂದಿ ಉಡುಪಿ ಕೃಷ್ಣಮಠದಿಂದ ಕೂಗಳತೆಯಲ್ಲಿರುವ ಅದನ್ನು ನೋಡಿದ್ದಾರೋ. ಸ್ಕಾನ್ಸೆನ್ನಿನಲ್ಲಿ ಆಗುವ ತಪ್ಪು ಕಾಲದ್ದು. ಮನೆಗಳೊಳಗೆ ಒಲೆ ಹಚ್ಚಿ, ಹಳೆಯ ಉಡುಪು ತೊಟ್ಟು ಕೂತವರು ಮಾತಿಗೆ ಸಿಗುವುದು ಹೆಚ್ಚಾಗಿ ಬೇಸಿಗೆಯಲ್ಲಿ. ನವೆಂಬರಿನಲ್ಲಿ ಹೋದರೆ ಬಹುಪಾಲು ಬಾಗಿಲು ಹಾಕಿರುತ್ತವೆ. ಗುಡ್ಡ ಹತ್ತಲಾಗದ ಹಿರಿಯರನ್ನು ಮುಖ್ಯ ದ್ವಾರದಿಂದ ಎಸ್ಕಲೇಟರಿನಲ್ಲಿ ಕರೆದೊಯ್ಯಿರಿ. ಬುತ್ತಿ ಕಟ್ಟಿಕೊಂಡು ಹೋಗಬಹುದು, ಚಿತ್ರಾನ್ನವಾದರೂ ಸರಿ, ಮೊಸರನ್ನವಾದರೂ ಸರಿ. ಕೂತು ತಿನ್ನಲು ಬೆಂಚುಗಳಿವೆ.

ನಗರಸಭೆಯ ಕಟ್ಟಡಕ್ಕೆ ನಿಮ್ಮಷ್ಟಕ್ಕೆ ನೀವು ಹೋಗುವ ಹಾಗಿಲ್ಲ, ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ನೊಬೆಲ್ ಔತಣ ನಡೆಯುವ ನೀಲಿ ಸಭಾಂಗಣ ನೀಲಿಯಾಗಿಲ್ಲ. ಇಟ್ಟಿಗೆಯ ಮೇಲೆ ನೀಲಿ ಬಳಿಸಬೇಕೆಂದಿದ್ದ ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬೆರಿ, ಬರಿಯ ಇಟ್ಟಿಗೆಯ ಚೆಲುವು ಕಂಡು ಮನಸ್ಸು ಬದಲಿಸಿದ, ಹೆಸರು ಮಾತ್ರ ಉಳಿಯಿತು. ಡಿಸೆಂಬರ್ 10ರ ಆಸುಪಾಸಿನಲ್ಲಿ ಔತಣದ ತಯಾರಿಗೆಂದು ಪ್ರವಾಸಿಗರನ್ನು ಬಿಡುವುದಿಲ್ಲ. 106 ಮೀಟರ್ ಗೋಪುರ ತೆರೆದಿರುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ.

ದುಡ್ಡಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಇಲ್ಲಿ ನೋಟು ನಡೆಯುವ ಜಾಗ ತೀರ ಕಡಿಮೆ, ಶೌಚಾಲಯಕ್ಕೂ ಕಾರ್ಡೇ. ಭಾರತದ ಬ್ಯಾಂಕ್ ಕಾರ್ಡಿನಲ್ಲಿ ವಿದೇಶದ ಬಳಕೆ ಮತ್ತು ತಾಗಿಸಿ ಪಾವತಿಸುವ ಸೌಲಭ್ಯ ತಾನಾಗಿಯೇ ತೆರೆದಿರುವುದಿಲ್ಲ. ಹೊರಡುವ ಮೊದಲೇ ಬ್ಯಾಂಕಿನ ಆ್ಯಪ್‌ನಲ್ಲಿ ಎರಡನ್ನೂ ಬೇರೆಬೇರೆಯಾಗಿ ಆನ್ ಮಾಡಿಕೊಳ್ಳಬೇಕು. ಮೆಟ್ರೋ, ಬಸ್ಸುಗಳಲ್ಲಿ ಕಾರ್ಡ್ ತಾಗಿಸಿದರೆ ಸಿಗುವುದು ಒಬ್ಬರಿಗೆ 75 ನಿಮಿಷದ ಟಿಕೆಟ್. ಅಪ್ಪನ ಕಾರ್ಡಿನಲ್ಲಿ ಅಮ್ಮನೂ ಹೋಗಲಾಗದು, ಆಕೆಗೆ ಇನ್ನೊಂದು ಕಾರ್ಡ್ ಬೇಕು, ಇಲ್ಲವೇ ಊರಿನ ಸಾರಿಗೆ ಸಂಸ್ಥೆ ಎಸ್‌ಎಲ್‌ನ ಆ್ಯಪ್‌ನಲ್ಲಿ ಇಬ್ಬರಿಗೂ ಕೊಳ್ಳಬೇಕು. 65 ದಾಟಿದವರಿಗೆ ರಿಯಾಯಿತಿ ಇದೆ, ಕೇಳಿದರೆ ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. ಗಾಮ್ಲಾ ಸ್ತಾನ್ ಪಕ್ಕದ ಸ್ಲುಸ್ಸೆನ್‌ನಿಂದ, ವಾಸಾ ಮತ್ತು ಸ್ಕಾನ್ಸೆನ್ ಇರುವ ಯೂರ್ಗೋರ್ಡೆನ್ ದ್ವೀಪಕ್ಕೆ ಹೋಗುವ 82ನೇ ನಂಬರಿನ ದೋಣಿಯಲ್ಲೂ ಅದೇ ಟಿಕೆಟ್ ನಡೆಯುತ್ತದೆ. ನೀರಿನ ಮೇಲಿಂದ ಊರು ನೋಡಬೇಕೆಂದರೆ ಬಹಳಷ್ಟು ಜನರಿಗೆ ಇಷ್ಟೇ ಸಾಕು, ದುಬಾರಿ ದೋಣಿ ಸುತ್ತಾಟ ಬೇಡ. ದೋಣಿ ಇಳಿದು ವಾಸಾವರೆಗೆ ಹತ್ತು ನಿಮಿಷದ ನಡಿಗೆ. ನಡೆಯಲಾರದವರಿಗೆ 7ನೇ ನಂಬರಿನ ಟ್ರಾಮ್ ಇನ್ನೂ ಹತ್ತಿರಕ್ಕೆ ಬಿಡುತ್ತದೆ.

ಕಾಲ ಆರಿಸಿಕೊಳ್ಳುವಾಗ ಬೆಳಕನ್ನು ಮೊದಲು ನೋಡಿ, ಟಿಕೆಟ್ ದರವನ್ನು ಆಮೇಲೆ. ಡಿಸೆಂಬರಿನ ಕೊನೆಗೆ ಸ್ಟಾಕ್‌ಹೋಮಿನಲ್ಲಿ ಹಗಲು ಆರು ಗಂಟೆ, ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಹದಿನೆಂಟು ಗಂಟೆ ದಾಟುತ್ತದೆ. ಆದರೆ ಜೂನ್ ಕೊನೆಯ ಮಿಡ್‌ಸಮ್ಮರ್ ಹಬ್ಬಕ್ಕೆ ಊರೇ ಖಾಲಿಯಾಗಿ, ಅಂಗಡಿ ಹೋಟೆಲುಗಳು ಬಾಗಿಲು ಹಾಕುತ್ತವೆ. ಗಾಮ್ಲಾ ಸ್ತಾನ್‌ನ ಕಲ್ಲುಹಾಸಿನ ಓಣಿಗಳಲ್ಲಿ ತೆಳು ಅಟ್ಟೆಯ ಚಪ್ಪಲಿ ಒಂದು ಗಂಟೆಯಲ್ಲೇ ಕಾಲು ನೋಯಿಸುತ್ತದೆ, ದಪ್ಪ ಅಟ್ಟೆಯ ಶೂ ಹಾಕಿ.

ವಾಸಾ ನೋಡುವ ಕ್ರಮ ಹೀಗಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಗ್ಗೆ 8.30ಕ್ಕೇ ಬಾಗಿಲು ತೆಗೆಯುತ್ತದೆ, ಆ ಹೊತ್ತಿಗೆ ಅಲ್ಲಿರಿ. ಹತ್ತರ ಮೇಲೆ ಪ್ರವಾಸಿ ಬಸ್ಸುಗಳ ಗುಂಪು. ದೊಡ್ಡ ಬ್ಯಾಗನ್ನು ಒಳಗೆ ಬಿಡುವುದಿಲ್ಲ. ಜುಲೈ ಆದರೂ ಸ್ವೆಟರ್ ಇರಲಿ. ಮೊದಲು ಕಿರುಚಿತ್ರ ನೋಡಿ, ಆಮೇಲೆ ತಳದ ಅಂತಸ್ತಿಗಿಳಿದು ಹಡಗಿನೊಂದಿಗೆ ಸತ್ತವರ ಮೂಳೆಗಳಿಂದ ಮತ್ತೆ ರೂಪಿಸಿದ ಮುಖಗಳನ್ನು ನೋಡಿ, ಅಲ್ಲಿಂದ ಒಂದೊಂದೇ ಅಂತಸ್ತು ಮೇಲೇರಿ. ಬಣ್ಣ ಬಳಿದ ಹತ್ತನೇ ಒಂದರ ಮಾದರಿಯ ಮುಂದೆ ನಿಂತು, ಈ ಕಪ್ಪು ಹಡಗು ಒಂದು ಕಾಲಕ್ಕೆ ಕೆಂಪು ಹೊನ್ನುಗಳ ತೇರಿನಂತಿತ್ತು ಎಂಬುದನ್ನು ಮನಸ್ಸಿಗೆ ತಂದುಕೊಂಡು ಮತ್ತೆ ಹಿಂಬದಿಯ ಶಿಲ್ಪಗಳ ಕಡೆ ತಿರುಗಿ. ಇಂಗ್ಲಿಷ್ ಮಾರ್ಗದರ್ಶಿಯ ವಿವರಣೆ ಟಿಕೆಟ್ಟಿನಲ್ಲೇ ಸೇರಿದೆ, 18ರೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಮುಂದಿನ ಸಲ ಊರಿಗೆ ಹೋದಾಗ ಬೇಲೂರಿಗೂ ಇಷ್ಟೇ ಹೊತ್ತು ಕೊಡಿ. ಹಳೇಬೀಡನ್ನು ಮರುದಿನಕ್ಕೆ ಬಿಡಿ, ರಾತ್ರಿ ಹಾಸನದಲ್ಲಿ ಉಳಿದರಾಯಿತು. ಗುಡಿ ಪೂರ್ವಕ್ಕೆ ಮುಖಮಾಡಿದೆ, ಎಳೆಬಿಸಿಲು ಮುಂಬದಿಯ ಕೆತ್ತನೆಯ ಮೇಲೆ ಬೀಳುವ ಹೊತ್ತಿಗೆ ತಲುಪಿ. ಚಪ್ಪಲಿ ಬಿಡಬೇಕಾದ್ದರಿಂದ ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಹಾಸುಗಲ್ಲು ಸುಡುತ್ತದೆ, ದಪ್ಪ ಕಾಲುಚೀಲ ಒಯ್ಯಿರಿ. ಒಂದು ಸಣ್ಣ ದುರ್ಬೀನೂ ಇರಲಿ: ಹೊರಗಿನ 38 ಮದನಿಕೆಯರು ಸೂರಿನಡಿ ಓರೆಯಾಗಿ ನಿಂತಿದ್ದಾರೆ, ಬರಿಗಣ್ಣಿಗೆ ಕೈಬೆರಳಿನ ಉಂಗುರ ಕಾಣುವುದಿಲ್ಲ. ಮುಖ, ಒಡವೆ ನೋಡಿಯಾದ ಮೇಲೆ ದುರ್ಬೀನನ್ನು ಕಾಲಡಿಯ ಪೀಠಕ್ಕೆ ಇಳಿಸಿ. ಕೆಲವೆಡೆ ಅಲ್ಲಿ ಹಳಗನ್ನಡದ ಅಕ್ಷರಗಳಿವೆ. ಒಂದೊಂದೇ ಅಕ್ಷರ ಕೂಡಿಸಿ ಓದಿ, ಮಕ್ಕಳಿಂದಲೂ ಓದಿಸಿ.