ಶ್ಯಾಂಟಿಗೆ 'ಸರಿಯಾದ ಸಾಹಿತ್ಯ' ಎಂಬುದು ಎಲ್ಲಿಂದ ಬಂತು?

ನಿನ್ನೆ ರಾತ್ರಿಯ ಸಿಟ್ಟು ಇನ್ನೂ ಇಳಿದಿಲ್ಲ. ಉದ್ದ ಬರೆಯುತ್ತಿದ್ದೇನೆ, ಪುರುಸೊತ್ತು ಇದ್ದವರು ಓದಿ.

ಬ್ರಿಸ್ಟಲ್‌ನಲ್ಲಿ ನಾನು ಹೋಗುವ ಹಾಡುಕೂಟದ ವಿಷಯ ನಿಮಗೆಲ್ಲ ಗೊತ್ತೇ ಉಂಟು. ಪಬ್ಬಿನ ಹಿಂದಿನ ಕೋಣೆ, ಮೈಕಿಲ್ಲ, ವಾದ್ಯವಿಲ್ಲ. ಒಬ್ಬರು ಶುರುಮಾಡಿದರೆ ಉಳಿದವರು ಪಲ್ಲವಿಗೆ ದನಿಗೂಡಿಸುತ್ತಾರೆ. ನಿನ್ನೆ ಎಪ್ಪತ್ತು ದಾಟಿದ ಒಬ್ಬರು ಕಣ್ಣುಮುಚ್ಚಿ 'ಸೌತ್ ಆಸ್ಟ್ರೇಲಿಯಾ' ಎಂಬ ಶ್ಯಾಂಟಿ, ಅಂದರೆ ಹಾಯಿಹಡಗಿನವರು ಕೆಲಸ ಮಾಡುತ್ತಾ ಹಾಡುತ್ತಿದ್ದ ಹಾಡು, ಹಾಡುತ್ತಿದ್ದರು. ಪಲ್ಲವಿಯಲ್ಲಿ 'ಹೀವ್ ಅವೇ, ಯೂ ರೂಲರ್ ಕಿಂಗ್' ಅಂದರು. ಪಕ್ಕದ ಮೇಜಿನ ಯುವಕ ಮೊಬೈಲ್ ಎತ್ತಿ ತೋರಿಸಿ, "ರೂಲರ್ ಅಲ್ಲ, ರೋಲಿಂಗ್ ಕಿಂಗ್. ನೀವು ತಪ್ಪಾಗಿ ಕೇಳಿಸಿಕೊಂಡಿದ್ದೀರಿ" ಅಂದುಬಿಟ್ಟ. ಹಾಡಿನ ಮಧ್ಯದಲ್ಲೇ! ಅವರು ಮುಂದಿನ ಚರಣ ಎತ್ತಿಕೊಳ್ಳಲಿಲ್ಲ. ಲೋಟ ಕೈಗೆ ತೆಗೆದುಕೊಂಡು ಸುಮ್ಮನಾದರು.

ಮಾರಾಯ್ರೆ, ನನಗೆ ಮೈಯೆಲ್ಲ ಉರಿಯಿತು.

ಯಾಕೆಂದರೆ ಆ ಹಾಡು ಮೊದಲು ಅಚ್ಚಾದದ್ದು 1888ರಲ್ಲಿ, ಲಾರಾ ಅಲೆಕ್ಸಾಂಡ್ರೀನ್ ಸ್ಮಿತ್ ಅವರ ಸಂಗ್ರಹದಲ್ಲಿ. ಅವರಿಗೆ ಅದನ್ನು ಹಾಡಿ ಕೊಟ್ಟವನು ಲಂಡನ್ನಿನ ನಾವಿಕರ ವಸತಿಯಲ್ಲಿದ್ದ ಒಬ್ಬ ಕಪ್ಪು ಖಲಾಸಿ. ಅಲ್ಲಿರುವುದು 'ರೂಲರ್ ಕಿಂಗ್' ಎಂದೇ. 'ರೋಲಿಂಗ್' ಹೆಚ್ಚು ಜನಪ್ರಿಯವಾದದ್ದು ಆಮೇಲೆ. ಹಾಗಂತ ರೂಲರ್ ಸರಿ, ರೋಲಿಂಗ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಎರಡನ್ನೂ ಹಡಗಿನವರು ಹಾಡಿದ್ದಾರೆ, ಎರಡೂ ಅವರದ್ದೇ. ಆದರೆ ಮೊಬೈಲಿನಲ್ಲಿ ಕಂಡದ್ದೊಂದೇ ಮೂಲ, ಮಿಕ್ಕದ್ದೆಲ್ಲ ಕಿವಿಯ ದೋಷ ಅನ್ನುವ ಈ ಧೋರಣೆ ಇದೆಯಲ್ಲ, ಅದನ್ನು ನನಗೆ ಸಹಿಸಲಿಕ್ಕೆ ಆಗುವುದಿಲ್ಲ.

ಈ ಹಾಡುಗಳು ಹುಟ್ಟಿದ ಜಾಗವನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. 19ನೇ ಶತಮಾನದ ಸರಕು ಸಾಗಿಸುವ ಹಾಯಿಹಡಗು. ಯುದ್ಧನೌಕೆಯಲ್ಲ, ಬ್ರಿಟಿಷ್ ನೌಕಾಪಡೆಯಲ್ಲಿ ಕೆಲಸದ ಹೊತ್ತು ಹಾಡುವಂತಿರಲಿಲ್ಲ. ಹಾಯಿ ಕಟ್ಟಿದ ಭಾರದ ಅಡ್ಡಮರವನ್ನು ಮೇಲಕ್ಕೆ ಏರಿಸಬೇಕು, ಹತ್ತಾರು ಜನ ಒಂದೇ ಹಗ್ಗ ಹಿಡಿದಿದ್ದಾರೆ. ಶ್ಯಾಂಟಿಮ್ಯಾನ್ ಒಂದು ಸಾಲು ಎತ್ತುತ್ತಾನೆ, ಉಳಿದವರು ಪಲ್ಲವಿ ಹೇಳುತ್ತಾ ಎಳೆಯುತ್ತಾರೆ. 'ಬ್ಲೋ ದ ಮ್ಯಾನ್ ಡೌನ್' ಆದರೆ 'ಬ್ಲೋ'ಗೆ ಒಂದು ಎಳೆತ, 'ಡೌನ್'ಗೆ ಇನ್ನೊಂದು. ಮರ ಮೇಲೇರುವ ತನಕ ಹಾಡು ನಡೆಯಲೇಬೇಕು. ಗೊತ್ತಿದ್ದ ಚರಣ ಮುಗಿದರೆ ಬೇರೆ ಹಾಡಿನ ಚರಣ ತಂದು ಸೇರಿಸುತ್ತಾನೆ, ಅದೂ ಮುಗಿದರೆ ಅಡುಗೆಯವನನ್ನೋ ಕ್ಯಾಪ್ಟನ್‌ನನ್ನೋ ಬೈಯುವ ಸಾಲು ಅಲ್ಲೇ ಕಟ್ಟುತ್ತಾನೆ. ಮೇಟ್, ಅಂದರೆ ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ, ಸಾಕು ಅಂದ ಕೂಡಲೇ ಹಾಡು ಅರ್ಧ ಸಾಲಿಗೇ ನಿಲ್ಲುತ್ತದೆ. ಇಂಥ ಹಾಡಿಗೆ ಪೂರ್ತಿ ಸಾಹಿತ್ಯ ಅಂತ ಎಲ್ಲಿಂದ ತರುವುದು?

ಎಳೆಯುವವರಾದರೂ ಯಾರು? ಲಿವರ್‌ಪೂಲಿನ ಐರಿಷರು, ಸ್ಕ್ಯಾಂಡಿನೇವಿಯಾದವರು, ವೆಸ್ಟ್ ಇಂಡೀಸಿನವರು, ಅಮೆರಿಕದ ಕಪ್ಪು ಜನ. ಅಮೆರಿಕದ ಮೊಬೀಲ್ ಬಂದರಿನಲ್ಲಿ ಹತ್ತಿಯ ಮೂಟೆಗಳನ್ನು ದೊಡ್ಡ ಸ್ಕ್ರೂ ಜಾಕ್ ತಿರುಗಿಸಿ ಹಡಗಿನ ಹೊಟ್ಟೆಗೆ ಒತ್ತಿ ತುಂಬುವವರ ಹಾಡುಗಳೇ ಎಷ್ಟೋ ಶ್ಯಾಂಟಿಗಳಾಗಿ ಸಮುದ್ರ ದಾಟಿದವು. ಒಬ್ಬನ ಇಂಗ್ಲಿಷ್ ಇನ್ನೊಬ್ಬನಿಗೆ ಅರೆಬರೆ ಅರ್ಥ, ಮೇಲೆ ಗಾಳಿಯ ಅಬ್ಬರ. ಕಿವಿಗೆ ಬಿದ್ದ ಶಬ್ದವನ್ನು ಬಾಯಿಗೆ ಒಗ್ಗಿದ ಹಾಗೆ ಹಾಡಿದರು, ಅದನ್ನು ಕೇಳಿದವನು ಮತ್ತೊಂದು ಹಡಗಿಗೆ ಒಯ್ದ. ಹಾಡು ಬೆಳೆದದ್ದೇ ಹಾಗೆ.

'ಶೆನಂಡೋವಾ' ಎಂಬ ಹಾಡು ನೋಡಿ. ಸಂಗ್ರಹಗಳಲ್ಲಿ ಅದು ಶ್ಯಾನಡೋರ್ ಆಗಿದೆ, ಶ್ಯಾನಡಾರ್ ಆಗಿದೆ. ಕೆಲವರಿಗೆ ಅದು ನದಿ, ಕೆಲವರಿಗೆ ಅಮೆರಿಕದ ಮೂಲನಿವಾಸಿಗಳ ನಾಯಕ, ಅವನ ಮಗಳ ಮೇಲೆ ಬಿಳಿಯ ವ್ಯಾಪಾರಿಗೆ ಪ್ರೀತಿ. ಕೆರಿಬಿಯನ್‌ಗೆ ಹೋದಾಗ 'ವಿಶಾಲ ಮಿಸೌರಿ' ಇದ್ದ ಜಾಗದಲ್ಲಿ 'ಮಿಸರಿ' ಬಂದು ಕೂತಿತು: ಈ ಲೋಕವೇ ಸಂಕಟದ ಲೋಕ ಅನ್ನುವ ಸಾಲು. ಮಿಸೌರಿ ನದಿ ಕಾಣದ ಮೀನುಗಾರ ತನ್ನ ಬಾಳಿಗೆ ಹೊಂದುವ ಮಾತು ಇಟ್ಟುಕೊಂಡ. ಎಂಥ ಸಾಲು ಅದು! ನದಿಯ ಹೆಸರಿಗಿಂತ ನನಗೆ ಅದೇ ಮೇಲು.

'ಸ್ಯಾಂಟಿಯಾನಾ' ಇನ್ನೂ ಸ್ವಾರಸ್ಯ. ಅದು ಮೆಕ್ಸಿಕೋದ ಜನರಲ್ ಸಾಂತಾ ಆನಾ ಮೇಲಿನ ಹಾಡು. 1847ರಲ್ಲಿ ಮೊಲೀನೊ ದೆಲ್ ರೇಯಲ್ಲಿ ಗೆದ್ದದ್ದು ಅಮೆರಿಕದ ಸೇನೆ. ಹಾಡಿನಲ್ಲಿ ಬಹಳ ಕಡೆ ಗೆಲ್ಲುವವನು ಸಾಂತಾ ಆನಾ! ಅಮೆರಿಕದ ಜನರಲ್ ಟೇಲರ್‌ನನ್ನು ಗೆಲ್ಲಿಸುವ ಪಾಠವೂ, ಅಂದರೆ ಹಾಡಿನ ಇನ್ನೊಂದು ರೂಪವೂ ಇದೆ. ಎರಡನ್ನು ಹಾಡಿದರೂ ಕೆಲಸ ನಡೆದಿದೆ.

ಇನ್ನು ಪುಸ್ತಕದಲ್ಲಿ ಇರುವುದೇ ಪ್ರಮಾಣ ಅನ್ನುವವರಿಗೆ ಹೇಳಬೇಕಾದ್ದು ಇದೆ. ಇಲ್ಲಿಗೆ ಹತ್ತಿರದ ವಾಚೆಟ್ ಬಂದರಿನಲ್ಲಿ 'ಯಾಂಕಿ ಜಾಕ್' ಅನ್ನುವವರ ಪ್ರತಿಮೆ ಇದೆ. ಹೆಸರು ಜಾನ್ ಶಾರ್ಟ್. ಹಾಯಿಹಡಗಿನಲ್ಲಿ ಶ್ಯಾಂಟಿ ಹಾಡಿದವರು. 1914ರಲ್ಲಿ ಜನಪದ ಹಾಡುಗಳ ಸಂಗ್ರಾಹಕ ಸೆಸಿಲ್ ಶಾರ್ಪ್ ಅವರ ಬಳಿ ಹೋಗಿ ಐವತ್ತಕ್ಕೂ ಹೆಚ್ಚು ಶ್ಯಾಂಟಿ ಬರೆದುಕೊಂಡರು. ಆಗ ಶಾರ್ಟ್ ಅವರಿಗೆ ಎಪ್ಪತ್ತೈದರ ಆಸುಪಾಸು. ಒಬ್ಬ ಮುದುಕರು ತಮ್ಮೂರಿನಲ್ಲಿ ಕೂತು, ಹಗ್ಗವಿಲ್ಲದೆ, ಎದುರು ಪಲ್ಲವಿ ಹೇಳುವವರಿಲ್ಲದೆ ನೆನಪಿನಿಂದ ಹಾಡಿದ ಪಾಠ ಅದು. ಅಮೂಲ್ಯ, ಎರಡು ಮಾತಿಲ್ಲ. ಆದರೆ ಅವರು ಹಡಗಿನ ಮೇಲೆ ಇದ್ದಾಗ ಬೇರೆ ಬೇರೆ ದಿನ ಹಾಡಿದ್ದೆಲ್ಲ ಅದರಲ್ಲಿ ಬರಲು ಸಾಧ್ಯವೇ? 1921ರಲ್ಲಿ ರಿಚರ್ಡ್ ಟೆರಿ ತಂದ ಶ್ಯಾಂಟಿ ಪುಸ್ತಕವನ್ನು ತೆಗೆಯಿರಿ. ಅಚ್ಚು ಹಾಕಲು ಆಗದ ಸಾಲುಗಳನ್ನು ಬಿಟ್ಟಿದ್ದೇನೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಸ್ವತಃ ಹಾಯಿಹಡಗಿನಲ್ಲಿ ದುಡಿದ, 1929ರಲ್ಲಿ ಒಡೆದ ಗಾರ್ತ್‌ಪೂಲ್ ಹಡಗಿನಲ್ಲೇ ಇದ್ದ ಸ್ಟ್ಯಾನ್ ಹ್ಯೂಗಿಲ್ ಕೂಡ 1961ರ ತಮ್ಮ ಬೃಹತ್ ಸಂಗ್ರಹದಲ್ಲಿ ಹಸಿ ಮಾತುಗಳನ್ನು ತಿದ್ದಿಯೇ ಹಾಕಬೇಕಾಯಿತು. ಅಂದರೆ ನಾವು ಇಂದು ಹಾಡುವುದರಲ್ಲಿ ಎಷ್ಟೋ ಭಾಗ ಮರ್ಯಾದಸ್ಥರ ಮನೆಗೆ ಬರಲೆಂದು ತೊಳೆದು ಒಗೆದದ್ದು. ಅದನ್ನು ಹಿಡಿದುಕೊಂಡು ಮುದುಕರ ಬಾಯಿ ಮುಚ್ಚಿಸುವುದಾ?

"ಹಾಗಾದರೆ ಯಾರು ಏನು ಬೇಕಾದರೂ ಹಾಡಬಹುದಾ? ಅರ್ಥ ಕೆಟ್ಟರೂ ಪರವಾಗಿಲ್ಲವಾ?" ಅಂತ ಗೆಳೆಯರೊಬ್ಬರು ನಿನ್ನೆಯೇ ಕೇಳಿದರು. ಅವರು ಕೊಟ್ಟ ಉದಾಹರಣೆ 2021ರಲ್ಲಿ ಎಲ್ಲರ ಮೊಬೈಲಿನಲ್ಲೂ ಮೊಳಗಿದ 'ವೆಲರ್‌ಮ್ಯಾನ್'. ಅದರಲ್ಲಿ 'ಟಂಗಿಂಗ್' ಎಂಬ ಮಾತಿದೆ, ನ್ಯೂಜಿಲ್ಯಾಂಡಿನ ದಡದಲ್ಲಿ ತಿಮಿಂಗಿಲದ ಕೊಬ್ಬನ್ನು ಪಟ್ಟಿಪಟ್ಟಿಯಾಗಿ ಕೊಯ್ಯುವ ಕೆಲಸ. ಗೊತ್ತಿಲ್ಲದವರು ಏನೇನೋ ಹಾಡುತ್ತಾರೆ, ಆ ಕಸುಬೇ ಮರೆತುಹೋಗುತ್ತದೆ ಅಂತ ಅವರ ದೂರು. ಸರಿ, ಆ ಕಸುಬನ್ನು ತಿಳಿಸಿ ಹೇಳಿ, ಹಾಡು ಮುಗಿದ ಮೇಲೆ ಚೆಂದಕ್ಕೆ ಕೂತು ಹೇಳಿ. ಯಾರು ಬೇಡ ಅಂದರು? ಆದರೆ ಆ ಹಾಡಿನ 'ಅಧಿಕೃತ' ಪಾಠವೂ 1970ರ ದಶಕದಲ್ಲಿ ಪುಸ್ತಕಕ್ಕೆ ಬಂದದ್ದು ಒಬ್ಬರು ತಮ್ಮ ಚಿಕ್ಕಪ್ಪನಿಂದ ಕೇಳಿ ನೆನಪಿಟ್ಟುಕೊಂಡದ್ದರಿಂದ. ಜಗತ್ತೆಲ್ಲ ನಿಂತಿರುವುದು ಒಂದು ಮನೆಯ ಕಿವಿಯ ಮೇಲೆ. ನಿನ್ನೆ ಹಾಡಿದವರ ಕಿವಿಯನ್ನು ಮಾತ್ರ ನಂಬಬಾರದು ಅನ್ನಲು ಕಾರಣ ಏನು?

ಇದನ್ನೆಲ್ಲ ನಾನು ಇಷ್ಟು ಹಚ್ಚಿಕೊಳ್ಳುವುದಕ್ಕೆ ನನ್ನ ಅಜ್ಜ ಕಾರಣ. ಮಲ್ಪೆ ಕಡೆಯಲ್ಲಿ ರಂಪಣಿ ಎಂಬ ದೊಡ್ಡ ಮೀನುಬಲೆ ಎಳೆದವರು. ಬಲೆಯ ಎರಡೂ ತುದಿಯ ಹಗ್ಗ ಹಿಡಿದು ಊರಿಗೆ ಊರೇ ದಡದಲ್ಲಿ ಸಾಲುಗಟ್ಟುತ್ತಿತ್ತಂತೆ. ಮುಂದಾಳು ತಾಂಡೇಲ ಒಂದು ಮಾತು ಎಸೆದರೆ ಉಳಿದವರು 'ಐಲೇಸಾ' ಎಂದು ಎಳೆಯಬೇಕು. ಅಜ್ಜ ನಮಗೆ ಹೇಳಿಕೊಡುವಾಗ ತಾಂಡೇಲನ ಮಾತು ಒಂದು ಸಲದಂತೆ ಇನ್ನೊಂದು ಸಲ ಇರುತ್ತಿರಲಿಲ್ಲ. ಒಮ್ಮೆ ಯಾರದೋ ಮದುವೆ, ಒಮ್ಮೆ ಭೂತಾಯಿ ಮೀನು, ಒಮ್ಮೆ ಅಜ್ಜಿಯ ಮೇಲೆ ಕೊಂಕು. 1970ರ ದಶಕದ ಕೊನೆಗೆ ಯಂತ್ರದ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ಅಜ್ಜ ಹೋದರು. ನಮ್ಮ ಮನೆಯಲ್ಲಿ ಒಂದು ಸಾಲೂ ದಾಖಲಾಗಿಲ್ಲ. ಇದನ್ನು ಬರೆಯುವಾಗಲೂ ನನಗೆ ಅಳು ಬರುತ್ತದೆ.

ಉಡುಪಿ, ಕುಂದಾಪುರ, ಕಾರವಾರ ಕಡೆಯ ಗೆಳೆಯರಲ್ಲಿ ಒಂದು ವಿನಂತಿ. ಮನೆಯಲ್ಲಿ ರಂಪಣಿ ಎಳೆದ ಹಿರಿಯರು ಇದ್ದರೆ ಈ ವಾರವೇ ಮೊಬೈಲಿನಲ್ಲಿ ಅವರ ಹಾಡು ಹಿಡಿದಿಡಿ. ಒಂದೇ ಹಾಡನ್ನು ಎರಡು ಮೂರು ದಿನ ಬಿಟ್ಟು ಮತ್ತೆ ಹಾಡಿಸಿ, ಬೇರೆ ಬಂದರೆ ಅದನ್ನೂ ಉಳಿಸಿಕೊಳ್ಳಿ. ಬರೆದುಕೊಳ್ಳುವಾಗ ಅರ್ಥವಾಗದ ಮಾತು ಬಂದರೆ ಕೇಳಿದ ಹಾಗೆಯೇ ಬರೆಯಿರಿ, ಕೇಳದಿದ್ದರೆ ಜಾಗ ಖಾಲಿ ಬಿಡಿ. ದಯವಿಟ್ಟು ನಿಮ್ಮ ಮಾತು ಅಲ್ಲಿ ತುಂಬಬೇಡಿ. ಕಮೆಂಟಿನಲ್ಲಿ ಹಾಕಿದರೆ ನಾನು ಒಂದೊಂದನ್ನೂ ಕೂತು ಕೇಳುತ್ತೇನೆ.